ಮ್ಯಾಟ್ ಮೇಲೆ ಸಲೀಸು, ಹುಲ್ಲಿನ ಮೇಲೆ ಪಜೀತಿ: ಒಂದು ಫೇರ್‌ವೇ ವುಡ್ ಪ್ರಕರಣ

ಇದು ನನ್ನ ಹತ್ತಿರ ಗಾಲ್ಫ್ ತಿದ್ದಿಸಿಕೊಳ್ಳಲು ಬಂದ ಒಬ್ಬರ ಕತೆ. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಕೆಲಸ, ಆಡುವ ಕ್ಲಬ್ ಯಾವುದೂ ಗೊತ್ತಾಗದ ಹಾಗೆ ಮರೆಮಾಡಿದ್ದೇನೆ. ಇಲ್ಲಿ ಅವರನ್ನು ರಾಯರು ಅನ್ನೋಣ. ಈ ಪ್ರಕರಣದಲ್ಲಿ ಅವರ ತಪ್ಪಿಗಿಂತ ನನ್ನ ತಪ್ಪು ಜಾಸ್ತಿ ಇದೆ. ಬರೆಯಲು ಅದೇ ಮುಖ್ಯ ಕಾರಣ.

ಹಿನ್ನೆಲೆ

ರಾಯರಿಗೆ ಆಗ 54 ವರ್ಷ. ಬೆಂಗಳೂರಿನವರು. ಕಾಲೇಜಿನಲ್ಲಿ ಕ್ರಿಕೆಟ್ ಆಡಿದ್ದರು, ನಲವತ್ತು ದಾಟಿದ ಮೇಲೆ ಗಾಲ್ಫ್ ಹಿಡಿದರು. ಹ್ಯಾಂಡಿಕ್ಯಾಪ್ 19. ಅಂದರೆ ಪಾರ್ (ಒಳ್ಳೆಯ ಆಟಗಾರನಿಗೆ ಬೇಕಾಗುವ ಹೊಡೆತಗಳ ಲೆಕ್ಕ) 72ರ ಕೋರ್ಸ್‌ನಲ್ಲಿ ಒಳ್ಳೆಯ ದಿನ 91 ಹೊಡೆತದ ಆಸುಪಾಸು ಮುಗಿಸುತ್ತಿದ್ದರು. ಡ್ರೈವರ್, ಅಂದರೆ ಮೊದಲ ಹೊಡೆತಕ್ಕೆ ತೆಗೆಯುವ ಉದ್ದನೆಯ ಕೋಲು, ಪರವಾಗಿಲ್ಲ, ಸುಮಾರು 205 ಯಾರ್ಡ್ ನೇರ ಹೋಗುತ್ತಿತ್ತು. ಐರನ್‌ಗಳೂ, ಅಂದರೆ ತೆಳು ಲೋಹದ ತಲೆಯ ಕೋಲುಗಳೂ, ಸುಮಾರಾಗಿ ಚೆನ್ನಾಗಿದ್ದವು. ಕೈಕೊಡುತ್ತಿದ್ದದ್ದು ಒಂದೇ, ಫೇರ್‌ವೇ ವುಡ್.

ಗಾಲ್ಫ್ ಆಡದವರಿಗೆ ಎರಡು ಮಾತು. ಹೊಡೆಯುವ ಕೋಲಿಗೆ ಕ್ಲಬ್ ಅನ್ನುತ್ತಾರೆ. ಆಟ ಶುರುವಾಗುವ ಜಾಗಕ್ಕೂ ಕುಳಿಗೂ ನಡುವೆ ಕತ್ತರಿಸಿದ ಹುಲ್ಲಿನ ಹಾದಿಗೆ ಫೇರ್‌ವೇ ಅನ್ನುತ್ತಾರೆ. ಹಿಂದೆ ಈ ಕ್ಲಬ್‌ಗಳ ತಲೆ ಮರದ್ದಾಗಿತ್ತು. ಈಗ ಉಕ್ಕು, ಟೈಟಾನಿಯಂ ಬಂದಿದೆ, ಆದರೂ ವುಡ್ ಅನ್ನೋ ಹೆಸರು ಉಳಿದಿದೆ. ಡ್ರೈವರ್ ಹೊಡೆಯುವಾಗ ಚೆಂಡು ಟೀ ಅನ್ನೋ ಸಣ್ಣ ಗೂಟದ ಮೇಲೆ ಎತ್ತರದಲ್ಲಿ ಕೂತಿರುತ್ತದೆ. ಫೇರ್‌ವೇ ವುಡ್ ಹೊಡೆಯುವಾಗ ಹೆಚ್ಚಾಗಿ ಚೆಂಡು ನೆಲದ ಮೇಲೇ ಇರುತ್ತದೆ. ತ್ರೀ ವುಡ್‌ನ ಮುಖ ಸುಮಾರು 15 ಡಿಗ್ರಿ ಮಾತ್ರ ಹಿಂದಕ್ಕೆ ವಾಲಿರುತ್ತದೆ. ಇದಕ್ಕೆ ಲಾಫ್ಟ್ ಅನ್ನುತ್ತಾರೆ. ಫೈವ್ ವುಡ್‌ಗೆ ಸುಮಾರು 18, ಸೆವೆನ್ ವುಡ್‌ಗೆ 21. ತ್ರೀ ವುಡ್‌ನ ಶಾಫ್ಟ್ ಸುಮಾರು 43 ಇಂಚು. ಇಷ್ಟುದ್ದದ ಕೋಲು, ಇಷ್ಟು ಕಡಿಮೆ ಲಾಫ್ಟ್, ಚೆಂಡು ನೆಲದಲ್ಲಿ. ಚೀಲದಲ್ಲಿರುವ 14 ಕ್ಲಬ್‌ಗಳಲ್ಲಿ ಹವ್ಯಾಸಿಗಳನ್ನು ಜಾಸ್ತಿ ಗೋಳು ಹೊಯ್ದುಕೊಳ್ಳೋದು ಇದೇ.

ರಾಯರಿಗೆ ಇದರ ಹುಚ್ಚು ಹಿಡಿದದ್ದು ಟೋಕಿಯೋ ಒಲಿಂಪಿಕ್ಸ್ ನೋಡಿದ ಮೇಲೆ. 2021ರ ಆಗಸ್ಟ್‌ನ ಆ ಶನಿವಾರ ಬೆಳಿಗ್ಗೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಮೊದಲ ಸಲ ಟಿವಿಯಲ್ಲಿ ಗಾಲ್ಫ್ ಓಡಿತ್ತು. ನಮ್ಮೂರಿನ ಅದಿತಿ ಅಶೋಕ್ 15 ಅಂಡರ್, ಅಂದರೆ ಪಾರ್‌ಗಿಂತ 15 ಹೊಡೆತ ಕಮ್ಮಿಯಲ್ಲಿ ಮುಗಿಸಿ ನಾಲ್ಕನೆಯವರಾದರು. ಕಂಚು ತಪ್ಪಿದ್ದು ಒಂದೇ ಒಂದು ಹೊಡೆತದಲ್ಲಿ. ಎದುರಾಳಿಗಳಷ್ಟು ದೂರ ಅವರ ಡ್ರೈವ್ ಹೋಗುತ್ತಿರಲಿಲ್ಲ. ಹಾಗಾಗಿ ಬೇರೆಯವರು ಚಿಕ್ಕ ಐರನ್ ತೆಗೆಯುವ ಕಡೆ ಅವರು ಉದ್ದನೆಯ ಕ್ಲಬ್ ತೆಗೆಯಬೇಕಾಗುತ್ತಿತ್ತು. "ನನಗೂ ದೂರ ಹೋಗಲ್ಲ, ಅವರಿಗೂ ಹೋಗಲ್ಲ. ವುಡ್ ಕಲಿತ್ರೆ ಆಯ್ತಲ್ಲ?" ಅಂತ ರಾಯರ ಲೆಕ್ಕ. ಲೆಕ್ಕ ತಪ್ಪೇನಲ್ಲ.

ತೊಂದರೆ

ಅವರ ಕೋರ್ಸ್‌ನ ನಾಲ್ಕನೇ ಹೋಲ್ 410 ಯಾರ್ಡ್‌ನ ಪಾರ್ 4. ಡ್ರೈವ್ ಚೆನ್ನಾಗಿ ಬಿದ್ದರೂ ಇನ್ನೂ 200 ಚಿಲ್ಲರೆ ಉಳಿಯುತ್ತದೆ. ರಾಯರು ತ್ರೀ ವುಡ್ ತೆಗೆಯುತ್ತಿದ್ದರು. ಆಮೇಲೆ ಎರಡರಲ್ಲಿ ಒಂದು. ಒಂದೋ ಚೆಂಡಿನ ನೆತ್ತಿಗೆ ಬಿದ್ದು ನಲವತ್ತು ಯಾರ್ಡ್ ಉರುಳುತ್ತಿತ್ತು, ಅಂದರೆ ಟಾಪ್. ಇಲ್ಲವೇ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ಬಡಿದು ಮಣ್ಣು ಮಾತ್ರ ಹಾರುತ್ತಿತ್ತು, ಅಂದರೆ ಡಫ್. ಹತ್ತರಲ್ಲಿ ಮೂರು ಸರಿ ಬಿದ್ದರೆ ದೊಡ್ಡದು.

ವಿಚಿತ್ರ ಅಂದರೆ ಡ್ರೈವಿಂಗ್ ರೇಂಜ್‌ನಲ್ಲಿ (ಚೆಂಡು ಹೊಡೆದು ಅಭ್ಯಾಸ ಮಾಡುವ ಜಾಗ) ಅದೇ ಕ್ಲಬ್, ಅದೇ ಮನುಷ್ಯ, ಗುಂಡು ಹೊಡೆದ ಹಾಗೆ ಹೋಗುತ್ತಿತ್ತು. "ಇಲ್ಲಿ ಬೀಳೋದು ಅಲ್ಲಿ ಯಾಕೆ ಬೀಳಲ್ಲ?" ಇದೇ ಪ್ರಶ್ನೆ ಹಿಡಿದುಕೊಂಡು ಒಂದು ಫೆಬ್ರವರಿಯಲ್ಲಿ ನನ್ನ ಹತ್ತಿರ ಬಂದರು.

ಬರುವ ಮುಂಚೆ ತಾವೇ ಎರಡು ಪ್ರಯತ್ನ ಮಾಡಿದ್ದರು. ಹೊಸ ತ್ರೀ ವುಡ್ ಕೊಂಡರು, ಬೆಲೆ ಮನೆಯಲ್ಲಿ ಪೂರ್ತಿ ಹೇಳಿರಲಿಲ್ಲ. ಯೂಟ್ಯೂಬ್ ನೋಡಿ ಚೆಂಡಿನ ಮೇಲೆ ಕೆಳಮುಖವಾಗಿ ಹೊಡೆಯಲು ಹೋದರು. ಸೌದೆ ಸೀಳುವ ಹಾಗೆ ಮೇಲಿಂದ ಇಳಿಸಿ ಮಣಿಕಟ್ಟು ನೋಯಿಸಿಕೊಂಡು ನಿಲ್ಲಿಸಿದರು.

ನಾನು ಮಾಡಿದ ಮೊದಲ ತಪ್ಪು

ಮೊದಲ ದಿನ ರೇಂಜ್‌ನ ಕೃತಕ ಹುಲ್ಲಿನ ಮ್ಯಾಟ್ ಮೇಲೆ ನಿಲ್ಲಿಸಿ, ಹಿಂದೆ ಲಾಂಚ್ ಮಾನಿಟರ್ ಇಟ್ಟು ಇಪ್ಪತ್ತು ಚೆಂಡು ಹೊಡೆಸಿದೆ. ಮಾನಿಟರ್ ಚೆಂಡಿನ ವೇಗ, ಏಳುವ ಕೋನ, ಹಾರಿದ ದೂರ ಎಲ್ಲ ತೋರಿಸುತ್ತದೆ. ಹಾರಿ ಬಿದ್ದ ದೂರ 175, 180, ಒಂದೆರಡು 185. ಅವರ ವೇಗಕ್ಕೆ ಇದಕ್ಕಿಂತ ಜಾಸ್ತಿ ಕೇಳಬಾರದು.

ಅಂಕಿ ನೋಡಿ ನಾನು ಹೇಳಿದೆ, "ಸ್ವಿಂಗ್ ಚೆನ್ನಾಗೇ ಇದೆ ಸಾರ್. ಕೋರ್ಸ್‌ಗೆ ಹೋದಾಗ ಭಯ ಬೀಳ್ತೀರಿ, ಅಷ್ಟೇ."

ಈ ಒಂದು ಮಾತಿಗೆ ಐದು ವಾರ ಹಾಳಾಯಿತು. ಭಯ ಅಂದ ಮೇಲೆ ಭಯದ ಔಷಧಿ ಕೊಡಬೇಕಲ್ಲ. ಚೆಂಡಿನ ಹಿಂದೆ ನಿಂತು ಉಸಿರು ಬಿಡಿ, ಗುರಿ ನೋಡಿ, ಎರಡು ಸಲ ಕ್ಲಬ್ ಆಡಿಸಿ, ಹೊಡೆಯಿರಿ. ರಾಯರು ಶಿಸ್ತಿನ ಮನುಷ್ಯ, ಹೇಳಿದ್ದನ್ನೆಲ್ಲ ಮಾಡಿದರು. ಚೆಂಡು ಮಾತ್ರ ಮೊದಲಿನ ಹಾಗೇ ಉರುಳಿತು.

ಮೂರನೇ ವಾರ ಇನ್ನೊಂದು ಎಡವಟ್ಟು. ನಿಲ್ಲುವಾಗ ಚೆಂಡನ್ನು ಎರಡು ಇಂಚು ಬಲಕ್ಕೆ, ಅಂದರೆ ಹಿಂಗಾಲಿನ ಕಡೆಗೆ ಸರಿಸಿದೆ. ನೆಲಕ್ಕೆ ಮೊದಲು ಬಡಿಯುತ್ತಿದ್ದರೆ ಇದರಿಂದ ತಪ್ಪುತ್ತದೆ ಅನ್ನೋದು ನನ್ನ ಎಣಿಕೆ. ಆದರೆ ಚೆಂಡು ಹಿಂದೆ ಹೋದಷ್ಟೂ ಕ್ಲಬ್‌ನ ಲಾಫ್ಟ್ ಕಮ್ಮಿಯಾದ ಹಾಗೆ. ಇರುವುದೇ 15 ಡಿಗ್ರಿ, ಅದರಲ್ಲೂ ಕಡಿತ! ಚೆಂಡು ಮೊಣಕಾಲೆತ್ತರದಲ್ಲಿ ಸಾಗಿ ಎಡಕ್ಕೆ ಬೀಳತೊಡಗಿತು. ಏಳುತ್ತಿಲ್ಲ ಅಂತ ರಾಯರು ಅದನ್ನು ಎತ್ತಲು ಇನ್ನಷ್ಟು ಹಿಂದೆ ವಾಲಿದರು. ರೋಗಕ್ಕೆ ರೋಗ ಸೇರಿಸಿದ್ದೆ.

ಐದನೇ ವಾರ ಅವರು ಬೇಜಾರಿನಲ್ಲಿ ಕೇಳಿದರು. "ಅಲ್ಲಪ್ಪಾ, ನೀನು ಒಂದ್ಸಲನಾದ್ರೂ ನಾನು ಕೋರ್ಸ್‌ನಲ್ಲಿ ಆಡೋದು ನೋಡಿದೀಯಾ?"

ನೋಡಿರಲಿಲ್ಲ.

ಕ್ಯಾಡಿ ಕಂಡದ್ದು

ಮಾರ್ಚ್ ಮಧ್ಯದ ಒಂದು ಬೆಳಿಗ್ಗೆ ಅವರ ಜೊತೆ ಒಂಬತ್ತು ಹೋಲ್ ನಡೆದೆ. ಮಳೆ ಕಂಡು ತಿಂಗಳುಗಳಾಗಿದ್ದವು. ಫೇರ್‌ವೇ ಮೇಲೆ ಹುಲ್ಲು ತೆಳ್ಳಗಾಗಿ ನೆಲ ಗಟ್ಟಿ ಹಿಡಿದಿತ್ತು. ನಾಲ್ಕನೇ ಹೋಲ್‌ನಲ್ಲಿ ಎಂದಿನ ಹಾಗೆ ಟಾಪ್ ಆಯಿತು. ಚೆಂಡು ಬುಳುಬುಳು ಉರುಳಿ ಹೋಯಿತು. ರಾಯರು ಅದನ್ನೇ ನೋಡುತ್ತ ನಿಂತರು, ನಾನೂ ಅದನ್ನೇ ನೋಡುತ್ತಿದ್ದೆ.

ಕ್ಯಾಡಿ ಮಾತ್ರ ನೆಲ ನೋಡುತ್ತಿದ್ದ. ಇಪ್ಪತ್ತು ವರ್ಷದಿಂದ ಅದೇ ಕೋರ್ಸ್‌ನಲ್ಲಿ ಚೀಲ ಹೊತ್ತವನು. ಬಗ್ಗಿ, ಚೆಂಡು ಇದ್ದ ಜಾಗದಲ್ಲಿ ಒಂದು ಮುರಿದ ಟೀ ಚುಚ್ಚಿದ. ಅದರ ಹಿಂದೆ ಹುಲ್ಲು ಸವರಿ ಹೋದ ಗುರುತಿತ್ತು. ಅಲ್ಲಿಗೆ ನಾಲ್ಕು ಬೆರಳು ಇಟ್ಟು ತೋರಿಸಿದ.

"ಯಾವಾಗಲೂ ಇಲ್ಲೇ ಸಾರ್. ನಾಲ್ಕು ಬೆರಳು ಹಿಂದೆ. ಮಳೆಗಾಲದಲ್ಲಿ ಇಲ್ಲೇ ಹೂತುಹೋಗುತ್ತೆ, ಬೇಸಿಗೇಲಿ ಇಲ್ಲಿಂದ ಪುಟಿಯುತ್ತೆ."

ಅವನ ಈ ಮಾತು ನನಗೆ ಐದು ವಾರದಲ್ಲಿ ಹೊಳೆದಿರಲಿಲ್ಲ. ಟಾಪ್ ಬೇರೆ, ಡಫ್ ಬೇರೆ ಅಂತ ನಾನು ಎರಡು ಕಾಯಿಲೆ ಎಣಿಸಿದ್ದೆ. ಇದ್ದದ್ದು ಒಂದೇ. ಕ್ಲಬ್ ತಲೆ ಚೆಂಡಿಗಿಂತ ನಾಲ್ಕು ಬೆರಳು ಹಿಂದೆಯೇ ತನ್ನ ತಳ ಮುಟ್ಟುತ್ತಿತ್ತು. ನೆಲ ಮೆತ್ತಗಿದ್ದರೆ ಅಲ್ಲೇ ಸಿಕ್ಕಿಕೊಂಡು ಡಫ್. ನೆಲ ಗಟ್ಟಿಯಿದ್ದರೆ ಪುಟಿದು ಮೇಲೇಳುತ್ತ ಚೆಂಡಿನ ನಡುವಿಗೋ ನೆತ್ತಿಗೋ ತಾಗಿ ಟಾಪ್.

ಹಾಗಾದರೆ ರೇಂಜ್‌ನಲ್ಲಿ ಯಾಕೆ ಚೆನ್ನಾಗಿ ಹೋಗುತ್ತಿತ್ತು? ಅಲ್ಲೂ ನಾಲ್ಕು ಬೆರಳು ಹಿಂದೆಯೇ ಬಡಿಯುತ್ತಿದ್ದರು. ಆದರೆ ಮ್ಯಾಟ್ ಕೆಳಗೆ ಸಿಮೆಂಟ್ ನೆಲ. ಕ್ಲಬ್ ಹೂತುಹೋಗಲು ಜಾಗವಿಲ್ಲ. ವುಡ್‌ನ ತಳ ಅಗಲ, ನುಣುಪು. ಮ್ಯಾಟ್ ಮೇಲೆ ಜಾರುತ್ತ ಹೋಗಿ ಚೆಂಡಿಗೆ ತಾಗುತ್ತಿತ್ತು. ಜೊತೆಗೆ ಮ್ಯಾಟ್‌ನ ನಾರಿನ ಮೇಲೆ ಚೆಂಡು ಚೂರು ಎತ್ತರದಲ್ಲೇ ಕೂತಿರುತ್ತದೆ. ಮಾನಿಟರ್ ಸುಳ್ಳು ಹೇಳಿರಲಿಲ್ಲ. ಚೆಂಡು ನಿಜವಾಗಿಯೂ 180 ಹೋಗಿತ್ತು. ಸುಳ್ಳು ಹೇಳಿದ್ದು ಮ್ಯಾಟ್, ಅದನ್ನು ನಂಬಿದ್ದು ನಾನು.

ರಂಗೋಲಿ ಗೆರೆ

ಮಾರನೇ ದಿನದಿಂದ ರೇಂಜ್ ಬಿಟ್ಟೆವು. ಅಭ್ಯಾಸಕ್ಕೆ ಅಂತ ಬಿಟ್ಟಿದ್ದ ಹುಲ್ಲಿನ ಮೂಲೆಯೊಂದಿತ್ತು, ಅಲ್ಲಿಗೆ ಹೋದೆವು. ಗೆರೆ ಹಾಕಲು ಸುಣ್ಣ ಬೇಡ, ಹುಲ್ಲು ಸುಡುತ್ತೆ ಅಂದ ಮಾಲಿ. ನಮ್ಮ ಮನೆಯಿಂದ ರಂಗೋಲಿ ಪುಡಿ ಒಂದು ಡಬ್ಬ ಒಯ್ದೆ. ಮಾಲಿ ನೋಡಿ ನಕ್ಕ. "ಏನ್ ಸಾರ್, ಹಬ್ಬಾನಾ?"

ಕ್ರಮ ತೀರಾ ಸರಳ. ಗುರಿಗೆ ಅಡ್ಡಲಾಗಿ ನೆಲದ ಮೇಲೆ ಒಂದು ಮಾರುದ್ದ ಬಿಳಿ ಗೆರೆ ಎಳೆಯುವುದು. ಚೆಂಡಿಲ್ಲ. ಗೆರೆ ಎಡ ಹಿಮ್ಮಡಿಯಿಂದ ಸ್ವಲ್ಪ ಒಳಗೆ, ಅಂದರೆ ಚೆಂಡು ಇರಬೇಕಾದ ಕಡೆ ಬರುವ ಹಾಗೆ ನಿಲ್ಲುವುದು. ಸ್ವಿಂಗ್ ಮಾಡಿ, ಹುಲ್ಲು ಎಲ್ಲಿ ಸವರಿತು ನೋಡುವುದು. ಗೆರೆಯ ಮೇಲೆ ಅಥವಾ ಗುರಿಯ ಕಡೆ ಸವರಿದರೆ ಪಾಸು. ಹಿಂದೆ ಸವರಿದರೆ ಫೇಲು. ಒಂದು ಹೆಜ್ಜೆ ಮುಂದೆ ಸರಿದು ಗೆರೆಯ ಇನ್ನೊಂದು ತುಂಡಿನ ಮೇಲೆ ಮತ್ತೆ. ಬರುಬರುತ್ತ ಗೆರೆಯ ಪಕ್ಕದಲ್ಲಿ ಗುರುತುಗಳ ಸಾಲೇ ಬೀಳುತ್ತದೆ. ಸುಮ್ನೆ ವಾದ ಮಾಡಲು ಯಾರಿಗೂ ಜಾಗವಿಲ್ಲ.

ಮೊದಲ ದಿನ ಇಪ್ಪತ್ತರಲ್ಲಿ ನಾಲ್ಕು ಪಾಸು. ಉಳಿದ ಹದಿನಾರೂ ಹಿಂದೆ, ಹೆಚ್ಚುಕಮ್ಮಿ ಅದೇ ನಾಲ್ಕು ಬೆರಳು.

ಕಾರಣ ಮೇಲ್ನೋಟಕ್ಕೆ ಗೊತ್ತಿದ್ದದ್ದೇ. ಕ್ಲಬ್ ಇಳಿಯುವಾಗ ತೂಕ ಬಲಗಾಲಿನ ಮೇಲೇ ಉಳಿದಿತ್ತು. ತೂಕ ಹಿಂದೆ ಇದ್ದರೆ ಸ್ವಿಂಗ್‌ನ ತಳವೂ ಹಿಂದೆಯೇ. ಕ್ರಿಕೆಟ್ ಆಡಿದವರಿಗೆ ಕ್ರಿಕೆಟ್ ಭಾಷೆಯಲ್ಲೇ ಹೇಳೋಣ ಅಂತ, "ದ್ರಾವಿಡ್ ಕವರ್ ಡ್ರೈವ್ ನೆನಪು ಮಾಡ್ಕೊಳ್ಳಿ ಸಾರ್. ತೂಕ ಎಲ್ಲಿರುತ್ತೆ? ನೀವು ಬ್ಯಾಕ್‌ಫುಟ್‌ನಲ್ಲಿ ವಾಲಿಕೊಂಡು ಮಿಡ್ ಆನ್ ಮೇಲೆ ಎತ್ತೋಕೆ ಹೋಗ್ತಿದೀರಿ" ಅಂದೆ. ಅವರಿಗೆ ಥಟ್ಟನೆ ಅರ್ಥವಾಯಿತು. ಆದರೆ ದೇಹ ಕೇಳಲಿಲ್ಲ. ಹತ್ತು ದಿನ ಆದರೂ ಇಪ್ಪತ್ತರಲ್ಲಿ ಆರು, ಏಳು.

ಹನ್ನೊಂದನೇ ದಿನ ನಾನು ತಡವಾಗಿ ಬಂದೆ. ರಾಯರು ಆಗಲೇ ಡಬ್ಬ ಹಿಡಿದು ತಾವೇ ಗೆರೆ ಹಾಕುತ್ತಿದ್ದರು. ದೂರದಿಂದ ನೋಡಿದೆ. ಕ್ಲಬ್ಬನ್ನು ಊರುಗೋಲಿನ ಹಾಗೆ ಹಿಡಿದು, ಬಲಗಾಲಿನ ಮೇಲೆ ಪೂರ್ತಿ ಭಾರ ಬಿಟ್ಟು, ಎಡಗಾಲನ್ನು ಉದ್ದಕ್ಕೆ ಚಾಚಿ ಬಗ್ಗುತ್ತಿದ್ದರು. ಗೆರೆ ಮುಗಿಸಿ ಏಳುವಾಗ ಎಡ ಮಂಡಿಯನ್ನು ಅಂಗೈಯಲ್ಲಿ ಒತ್ತಿಕೊಂಡರು.

"ಮಂಡಿ ನೋವಾ ಸಾರ್?"

"ಅದೇನಿಲ್ಲಪ್ಪ, ಹಳೇದು. ಮೆಟ್ಟಿಲಿಳಿಯುವಾಗ ಚೂರು. ಮೂರು ವರ್ಷ ಆಯ್ತು."

ಮೂರು ವರ್ಷದಿಂದ ಆ ಮಂಡಿ ಭಾರ ಬೇಡ ಅನ್ನುತ್ತಿತ್ತು. ನಾನು ಎಡಗಾಲಿಗೆ ಬನ್ನಿ, ಎಡಗಾಲಿಗೆ ಬನ್ನಿ ಅಂತ ದಿನಾ ಕೂಗುತ್ತಿದ್ದೆ. ಅವರು ಮನಸ್ಸಿನಲ್ಲಿ ಹೂಂ ಅನ್ನುತ್ತಿದ್ದರು, ಮಂಡಿ ಊಹೂಂ ಅನ್ನುತ್ತಿತ್ತು. ಡ್ರೈವರ್‌ನಲ್ಲಿ ಇದು ಗೊತ್ತಾಗಿರಲಿಲ್ಲ. ಚೆಂಡು ಟೀ ಮೇಲೆ ಎತ್ತರದಲ್ಲಿರುವುದರಿಂದ ಸ್ವಲ್ಪ ಹಿಂದೆ ಉಳಿದು ಮೇಲ್ಮುಖವಾಗಿ ಹೊಡೆದರೂ ನಡೆಯುತ್ತದೆ. ಚಿಕ್ಕ ಐರನ್‌ನಲ್ಲಿ ಸ್ವಿಂಗ್ ಚಿಕ್ಕದು, ತಿರುಚುವುದು ಕಮ್ಮಿ. ಫೇರ್‌ವೇ ವುಡ್‌ನಲ್ಲಿ ಸ್ವಿಂಗ್ ದೊಡ್ಡದು, ಚೆಂಡು ನೆಲದಲ್ಲಿ. ಬಚ್ಚಿಡಲು ಜಾಗವಿಲ್ಲ.

ಇಲ್ಲಿಂದ ಪ್ರಕರಣ ಬೇರೆ ದಾರಿ ಹಿಡಿಯಿತು. ಮೊದಲು ಡಾಕ್ಟರ್ ಹತ್ತಿರ ತೋರಿಸಿಕೊಂಡು ಬನ್ನಿ, ಅಲ್ಲಿವರೆಗೆ ದೊಡ್ಡ ಕ್ಲಬ್ ಮುಟ್ಟಬೇಡಿ ಅಂದೆ. ಮಂಡಿ ಸ್ವಲ್ಪ ಸವೆದಿದೆ, ಆಡಬಹುದು, ಆದರೆ ಪಾದ ಊರಿಕೊಂಡು ಮಂಡಿ ತಿರುಚಬಾರದು, ತೊಡೆಗೆ ವ್ಯಾಯಾಮ ಬೇಕು ಅಂತ ಹೇಳಿಸಿಕೊಂಡು ಬಂದರು.

ನಾವು ಬದಲಾಯಿಸಿದ್ದು ಬಹಳ ಇಲ್ಲ. ಎಡ ಪಾದದ ತುದಿಯನ್ನು ಗುರಿಯ ಕಡೆಗೆ ಸುಮಾರು 30 ಡಿಗ್ರಿ ತಿರುಗಿಸಿ ಇಟ್ಟೆವು. ಪಾದ ಮೊದಲೇ ತಿರುಗಿದ್ದರೆ ಸೊಂಟ ತಿರುಗುವಾಗ ಮಂಡಿ ತಿರುಚಿಕೊಳ್ಳುವುದು ಕಮ್ಮಿ. ಕಾಲುಗಳ ಅಗಲ ಒಂದು ಪಾದದಷ್ಟು ಕಡಿಮೆ ಮಾಡಿದೆವು. ನಿಲ್ಲುವಾಗಲೇ ಅರ್ಧಕ್ಕಿಂತ ಚೂರು ಜಾಸ್ತಿ ತೂಕ ಎಡಕ್ಕೆ ಕೊಟ್ಟೆವು. ಆಮೇಲೆ ಸರಿಸಬೇಕಾದ ಭಾರ ಅಷ್ಟು ಕಮ್ಮಿಯಾಯಿತಲ್ಲ. ಹೊಡೆದ ಮೇಲೆ ಬಲಗಾಲನ್ನು ಅಲ್ಲೇ ಬಿಡದೆ ಗುರಿಯ ಕಡೆ ಒಂದು ಹೆಜ್ಜೆ ನಡೆಯಲು ಹೇಳಿದೆ. ದಕ್ಷಿಣ ಆಫ್ರಿಕಾದ ಗಾಲ್ಫ್ ದಿಗ್ಗಜ ಗ್ಯಾರಿ ಪ್ಲೇಯರ್ ಹೊಡೆದ ಮೇಲೆ ಹೀಗೆ ನಡೆದುಹೋಗುವುದಕ್ಕೆ ಹೆಸರಾದವರು. ಚೆಂಡನ್ನು ಮತ್ತೆ ಮುಂದಕ್ಕೆ, ಎಡ ಹಿಮ್ಮಡಿಯಿಂದ ಒಂದೂವರೆ ಚೆಂಡಿನಷ್ಟು ಒಳಗೆ ತಂದೆವು. ನಾನು ಸರಿಸಿದ್ದನ್ನು ನಾನೇ ವಾಪಸ್ ತಂದೆ.

ಎರಡು ವಾರದಲ್ಲಿ ಇಪ್ಪತ್ತಕ್ಕೆ ಹದಿಮೂರು ಪಾಸು. ಆಮೇಲೆ ಗೆರೆಯ ಮೇಲೆ ಚೆಂಡು ಇಟ್ಟೆ. ದಿಢೀರಂತ ಒಂಬತ್ತಕ್ಕೆ ಇಳಿಯಿತು. ಚೆಂಡು ಕಂಡ ಕೂಡಲೇ ಎತ್ತುವ ಆಸೆ. ಅದಕ್ಕೆ ಚೆಂಡಿನಿಂದ ಮೂರು ಬೆರಳು ಮುಂದೆ ಎರಡನೇ ಗೆರೆ ಎಳೆದು, "ಚೆಂಡು ಬಿಡಿ, ಈ ಗೆರೆಯ ಪುಡಿ ಎಬ್ಬಿಸಿ" ಅಂದೆ. ಮೊದಲ ಸಲ ಪುಡಿ ಎದ್ದಾಗ ಚೆಂಡೂ ಎದ್ದಿತ್ತು. ರಾಯರು ಚೆಂಡು ಎಲ್ಲಿ ಬಿತ್ತು ಅಂತ ನೋಡಲೇ ಇಲ್ಲ. ಬಗ್ಗಿ ಗೆರೆ ನೋಡಿದರು. ಆ ಕ್ಷಣಕ್ಕೆ ನನಗೆ ಧೈರ್ಯ ಬಂತು.

ತ್ರೀ ವುಡ್ ಬಿಡುವ ಜಗಳ

ಮೇ ಹೊತ್ತಿಗೆ ಇನ್ನೊಂದು ಪ್ರಶ್ನೆ ಎದ್ದಿತು. ಸರಿ ತಾಗಿದರೂ ತ್ರೀ ವುಡ್ ಶಾಟ್ ಬಹಳ ಕೆಳಗೆ ಹಾರುತ್ತಿತ್ತು. ಕಡಿಮೆ ಲಾಫ್ಟ್‌ನ ಕ್ಲಬ್‌ಗೆ ವೇಗ ಬೇಕು. ವೇಗ ಕಡಿಮೆಯಿದ್ದರೆ ಚೆಂಡು ಸಾಕಷ್ಟು ಎತ್ತರಕ್ಕೆ ಏಳುವುದಿಲ್ಲ, ಸಾಕಷ್ಟು ಸುತ್ತುವುದೂ ಇಲ್ಲ, ಬೇಗ ಬೀಳುತ್ತದೆ. ನನ್ನ ಹತ್ತಿರ ಒಂದು ಹಳೇ ಫೈವ್ ವುಡ್ ಇತ್ತು. ಈ ಸಲ ಮಾನಿಟರ್ ಹುಲ್ಲಿನ ಮೇಲೆ ಇಟ್ಟು ಎರಡನ್ನೂ ಹತ್ತತ್ತು ಸಲ ಹೊಡೆಸಿದೆ.

ತ್ರೀ ವುಡ್‌ನಲ್ಲಿ ಹಾರಿ ಬಿದ್ದ ಅತಿ ದೂರ 186. ಹತ್ತರ ಸರಾಸರಿ 151. ಫೈವ್ ವುಡ್‌ನಲ್ಲಿ ಅತಿ ದೂರ 178. ಸರಾಸರಿ 166.

ರಾಯರ ಕಣ್ಣು 186ರ ಮೇಲೆ. "ಎಂಟು ಯಾರ್ಡ್ ಸುಮ್ನೆ ಬಿಟ್ಟುಕೊಡಬೇಕಾ?"

"ನಿಮ್ಮ ಒಳ್ಳೇ ಶಾಟ್‌ನಲ್ಲಿ ಎಂಟು ಹೋಗುತ್ತೆ ಸಾರ್. ಸರಾಸರಿಯಲ್ಲಿ ಹದಿನೈದು ಬರುತ್ತೆ."

ಒಪ್ಪಲಿಲ್ಲ. ದುಡ್ಡು ಸುರಿದು ಕೊಂಡ ಕ್ಲಬ್ ಅದು. ವಾರ ಕಳೆದು ಫೋನ್ ಮಾಡಿ ಹಳೇ ಕಾಲದ ಅಮೆರಿಕದ ಗಾಲ್ಫ್ ಆಟಗಾರ ಜೀನ್ ಸರಾಜೆನ್ ಕತೆ ತೆಗೆದರು. ಗಾಲ್ಫ್ ಇತಿಹಾಸ ಓದುವ ಚಟ ಅವರಿಗೆ. 1935ರಲ್ಲಿ ಮಾಸ್ಟರ್ಸ್ ಟೂರ್ನಿ ನಡೆಯುವ ಅಗಸ್ಟಾದ 15ನೇ ಹೋಲ್, ಪಾರ್ 5. ಸರಾಜೆನ್ 235 ಯಾರ್ಡ್ ದೂರದಿಂದ ಹೊಡೆದ ಎರಡನೇ ಶಾಟ್ ನೇರ ಕುಳಿಗೆ ಹೋಗಿ ಆಲ್ಬಟ್ರಾಸ್ (ಪಾರ್‌ಗಿಂತ ಮೂರು ಹೊಡೆತ ಕಮ್ಮಿ) ಆಯಿತು, ಮಾರನೇ ದಿನ ಸಮ ಆದವರ ನಡುವಿನ ಪ್ಲೇ ಆಫ್ ಗೆದ್ದರು. "ಫೇರ್‌ವೇ ವುಡ್‌ನಿಂದ ಏನೇನು ಸಾಧ್ಯ ನೋಡು" ಅನ್ನೋದು ಅವರ ವಾದ.

"ಯಾವ ವುಡ್ ಸಾರ್ ಅದು?"

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಅದು ಫೋರ್ ವುಡ್. ಚೆಂಡು ಕೂತಿದ್ದ ರೀತಿ ಚೆನ್ನಾಗಿರಲಿಲ್ಲ ಅಂತ ಸರಾಜೆನ್ ತ್ರೀ ವುಡ್ ಬಿಟ್ಟು ಜಾಸ್ತಿ ಲಾಫ್ಟ್ ಇರುವುದನ್ನೇ ತೆಗೆದಿದ್ದರು. ರಾಯರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ನಗುತ್ತ ಫೋನ್ ಇಟ್ಟರು. ಮುಂದಿನ ವಾರ ತ್ರೀ ವುಡ್ ಕಾರಿನ ಡಿಕ್ಕಿ ಸೇರಿತು. ಫೈವ್ ವುಡ್ ಸೆಕೆಂಡ್ ಹ್ಯಾಂಡ್ ಒಂದು ಸಿಕ್ಕಿತು. ಇದರ ಬೆಲೆ ಮನೆಯಲ್ಲಿ ಪೂರ್ತಿ ಹೇಳಿದರಂತೆ.

ಕೋರ್ಸ್ ಮೇಲೆ

ಸ್ವಿಂಗ್ ತಿದ್ದಿದ್ದು ಅರ್ಧ ಕೆಲಸ. ಯಾವಾಗ ಹೊಡೆಯಬಾರದು ಅನ್ನೋದು ಉಳಿದರ್ಧ. ಮಾಡಿಕೊಂಡ ಒಪ್ಪಂದ ಹೀಗಿತ್ತು. ಚೆಂಡಿನ ಕೆಳಗೆ ಹುಲ್ಲಿದ್ದರೆ ಫೈವ್ ವುಡ್. ಬರೀ ನೆಲದ ಮೇಲಿದ್ದರೆ ಐರನ್. ರಫ್‌ನ ಉದ್ದ ಹುಲ್ಲಿನಲ್ಲಿ ಚೆಂಡು ಅರ್ಧಕ್ಕಿಂತ ಜಾಸ್ತಿ ಮುಳುಗಿದ್ದರೆ ವುಡ್ ಮಾತೇ ಬೇಡ, ಎಂಟನೇ ಐರನ್‌ನಲ್ಲಿ ಫೇರ್‌ವೇಗೆ ಹಾಕುವುದು. ಚೆಂಡು ಹೇಗೆ ಕೂತಿದೆ ಅಂತ ತೀರ್ಮಾನಿಸುವುದು ರಾಯರಲ್ಲ, ಕ್ಯಾಡಿ. ಮನುಷ್ಯ ಸ್ಕೋರ್ ಆಸೆಯಲ್ಲಿ ಇರುವಾಗ ಮಣ್ಣೂ ಹುಲ್ಲಿನ ಹಾಗೆ ಕಾಣುತ್ತದೆ.

ಮೊದಲ ಪರೀಕ್ಷೆ ಜೂನ್‌ನ ಒಂದು ಭಾನುವಾರ, ಅದೇ ನಾಲ್ಕನೇ ಹೋಲ್. ಡ್ರೈವ್ ಅದ್ಭುತ. ಚೆಂಡು ನಿಂತದ್ದು ಯಾರೋ ಹಿಂದೆ ಹೊಡೆದು ಹುಲ್ಲು ಕಿತ್ತ ಹಳೇ ಗುಂಡಿಯ, ಅಂದರೆ ಡಿವಟ್‌ನ, ಅಂಚಿನಲ್ಲಿ. ರಾಯರು ಕೈ ಚಾಚಿದರು. ಕ್ಯಾಡಿ ಫೈವ್ ವುಡ್‌ನ ಕವರ್ ತೆಗೆಯಲೇ ಇಲ್ಲ. ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತ.

"ಕೊಡೋ."

"ಬೇಡ ಸಾರ್. ಸೆವೆನ್ ತಗೊಳ್ಳಿ."

ಜೊತೆಯವರು ನೋಡುತ್ತಿದ್ದರು. ರಾಯರ ಮುಖ ಕೆಂಪಾಯಿತು. ಬೈದುಕೊಂಡೇ ಸೆವೆನ್ ಐರನ್ ಹೊಡೆದರು. ಆಮೇಲೆ ಹತ್ತಿರದ ಹೊಡೆತದ ವೆಜ್ ಕ್ಲಬ್‌ನಲ್ಲಿ ಒಂದು, ಕುಳಿಗೆ ಉರುಳಿಸಲು ಎರಡು ಪಟ್. ಒಟ್ಟು ಐದು. ಆ ಹೋಲ್‌ನಲ್ಲಿ ಅವರಿಗೆ ಏಳು, ಎಂಟು ಮಾಮೂಲಿಯಾಗಿತ್ತು. ಆಟ ಮುಗಿದ ಮೇಲೆ ಕ್ಯಾಡಿಗೆ ದೋಸೆ, ಕಾಫಿ ಕೊಡಿಸಿದರಂತೆ. ಬೈಗುಳ ವಾಪಸ್ ತಗೊಂಡರೋ ಇಲ್ಲವೋ ಗೊತ್ತಿಲ್ಲ.

ಏನಾಯಿತು

ನನ್ನ ಹತ್ತಿರ ಬಂದ ಹೊಸದರಲ್ಲಿ ನಾಲ್ಕು ರೌಂಡ್‌ಗಳ ಲೆಕ್ಕ ಬರೆಸಿದ್ದೆ. 23 ಸಲ ಫೇರ್‌ವೇ ವುಡ್ ಹೊಡೆದಿದ್ದರು. ಏಳು ಸಲ ಮಾತ್ರ ಚೆಂಡು ಸರಿಯಾಗಿ ಹಾರಿ ಆಟದಲ್ಲಿ ಉಳಿದಿತ್ತು. ಆಗಸ್ಟ್‌ನಲ್ಲಿ ಮತ್ತೆ ನಾಲ್ಕು ರೌಂಡ್. 17 ಸಲ ಹೊಡೆದರು, 12 ಸರಿ ಬಿದ್ದವು. ಹ್ಯಾಂಡಿಕ್ಯಾಪ್ 19ರಿಂದ 17ಕ್ಕೆ ಬಂತು.

ಇದನ್ನು ನನ್ನ ಪ್ರತಾಪ ಅಂತ ಯಾರೂ ಓದಬಾರದು. 23 ಹೋಗಿ 17 ಆದದ್ದು ಕ್ಯಾಡಿಯ ಅಂಗೈಯಿಂದ. ಕೆಟ್ಟ ಜಾಗದಿಂದ ಹೊಡೆಯುವುದನ್ನು ಬಿಟ್ಟರೆ ಸರಾಸರಿ ತಾನಾಗೇ ಏರುತ್ತದೆ. ಜೊತೆಗೆ ಆಗಸ್ಟ್ ಅಂದರೆ ಮಳೆ ಬಿದ್ದು ಫೇರ್‌ವೇ ಮೇಲೆ ದಟ್ಟ ಹುಲ್ಲು ಬಂದಿರುತ್ತದೆ, ಚೆಂಡು ಮೆತ್ತೆಯ ಮೇಲೆ ಕೂತ ಹಾಗೆ ಕೂರುತ್ತದೆ. ಅನುಮಾನ ಬಂದು ಮುಂದಿನ ಫೆಬ್ರವರಿಯ ಒಣ ನೆಲದಲ್ಲಿ ಮತ್ತೆ ಬರೆಸಿದೆ. 15ರಲ್ಲಿ 9. ಆಗಸ್ಟ್‌ನಷ್ಟಿಲ್ಲ, ಮೊದಲಿನಷ್ಟು ಕೆಟ್ಟದ್ದೂ ಅಲ್ಲ. ಇದೇ ನಿಜವಾದ ಅಂಕಿ ಅಂತ ನನ್ನ ಅನಿಸಿಕೆ. ಪಟ್ಟಿಂಗ್ ಮೊದಲಿನಷ್ಟೇ ಹದಗೆಟ್ಟಿದೆ, ಅದರ ಕತೆ ಬೇರೆ.

ಈ ಪ್ರಕರಣದಿಂದ ನಾನು ಕಲಿಸುವ ಕ್ರಮವೇ ಬದಲಾಯಿತು. ಈಗ ಫೇರ್‌ವೇ ವುಡ್ ಅಂತ ಯಾರೇ ಬಂದರೂ ಮ್ಯಾಟ್ ಮೇಲೆ ನೋಡುವುದಿಲ್ಲ. ಹುಲ್ಲಿಲ್ಲದಿದ್ದರೆ ಆ ದಿನ ಬೇರೆ ಪಾಠ. ಮೊದಲ ಐದು ನಿಮಿಷ ಮಂಡಿ, ಸೊಂಟ, ಬೆನ್ನು ಕೇಳುತ್ತೇನೆ. "ಏನಿಲ್ಲ" ಅಂದರೆ ನೆಲದ ಮೇಲೆ ಬಿದ್ದ ಟೀ ಎತ್ತಿಕೊಡಿ ಅನ್ನುತ್ತೇನೆ. ಹೇಗೆ ಬಗ್ಗುತ್ತಾರೆ ಅಂತ ನೋಡಿದರೆ ಸಾಕು. ನಲವತ್ತೈದು ದಾಟಿದವರ ಚೀಲದಲ್ಲಿ ತ್ರೀ ವುಡ್ ಇದ್ದರೆ ಫೈವ್ ವುಡ್ ಜೊತೆ ಹತ್ತತ್ತು ಶಾಟ್ ಹೊಡೆಸಿ ಸರಾಸರಿ ಬರೆಯುತ್ತೇನೆ. ಅತಿ ದೂರದ್ದನ್ನು ಬರೆಯುವುದೇ ಇಲ್ಲ, ಬರೆದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರ ಕ್ಯಾಡಿ ಯಾರು ಅಂತ ಕೇಳಿ, ಸಾಧ್ಯವಾದರೆ ಅವನ ಜೊತೆ ಒಂದು ಟೀ ಕುಡಿಯುತ್ತೇನೆ.

ಇನ್ನೂ ಬಗೆಹರಿಯದ್ದು ಒಂದಿದೆ. ಇಳಿಜಾರಿನಲ್ಲಿ ಚೆಂಡು ನಿಂತರೆ, ಅಂದರೆ ಎಡಗಾಲು ಬಲಗಾಲಿಗಿಂತ ಕೆಳಗಿದ್ದರೆ, ರಾಯರು ಈಗಲೂ ಟಾಪ್ ಮಾಡುತ್ತಾರೆ. ಅಲ್ಲಿ ಮಂಡಿಯ ಮೇಲೆ ಭಾರ ಇನ್ನೂ ಜಾಸ್ತಿ ಬೀಳುತ್ತದೆ, ಹಾಗಾಗಿ ಮತ್ತೆ ಹಿಂದೆ ವಾಲುತ್ತಾರೆ. ಕಳೆದ ವಾರ ಫೋನ್ ಮಾಡಿದ್ದರು. "ಹನ್ನೊಂದನೇ ಹೋಲ್ ಹತ್ತಿರ ಇಳಿಜಾರಿದೆಯಲ್ಲ, ಅಲ್ಲಿ ಗೆರೆ ಹಾಕ್ಕೊಂಡು ನೋಡಣ ಅಂತ. ಮಾಲಿ ಒಪ್ಪಿದಾನೆ. ಪುಡಿ ನಿಮ್ಮನೇದೇ ತಗೊಂಡ್ಬಾ, ನಮ್ಮನೇಲಿ ಡಬ್ಬ ಎಲ್ಲೋ ಎತ್ತಿಟ್ಟುಬಿಟ್ಟಿದಾಳೆ."

ಶನಿವಾರ ಬೆಳಿಗ್ಗೆ ಆರೂವರೆಗೆ ಹೋಗುತ್ತಿದ್ದೇನೆ.